ರಕ್ತ ಏರಿತು, ಕಾಲು ಸೋತಿತು: ಬಿ12 ನೋಡದೆ ಟಾನಿಕ್ ಕುಡಿದವನ ಎಚ್ಚರಿಕೆ

ರಕ್ತ ಕಡಿಮೆಯಾಗಿದೆ ಎಂದು ಯಾರಾದರೂ ನಿಮಗೆ ಕಬ್ಬಿಣಾಂಶ ಮತ್ತು ಫೋಲಿಕ್ ಆಸಿಡ್ ಇರುವ ಟಾನಿಕ್ಕನ್ನೋ ಮಾತ್ರೆಯನ್ನೋ ಬರೆದುಕೊಟ್ಟರೆ, ಅದನ್ನು ಶುರುಮಾಡುವ ಮೊದಲು ವಿಟಮಿನ್ ಬಿ12 ಪರೀಕ್ಷೆ ಆಗಿದೆಯೇ ಎಂದು ದಯವಿಟ್ಟು ಕೇಳಿ. ನಾನು ಕೇಳಲಿಲ್ಲ. ಕೇಳಿದ್ದರೆ ನನ್ನ ಎಡಗಾಲಿನ ಹೆಬ್ಬೆರಳಿಗೆ ಇವತ್ತು ನೆಲ ಗೊತ್ತಾಗುತ್ತಿತ್ತು. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ತಂದುಕೊಡುವ ಮಾತ್ರೆಯ ವಿಷಯ ಬೇರೆ. ಅದನ್ನು ನನ್ನ ಮಾತು ಕೇಳಿ ಯಾರೂ ನಿಲ್ಲಿಸಬಾರದು. ನಾನು ಹೇಳುತ್ತಿರುವುದು ನನ್ನಂತೆ ಐವತ್ತು ದಾಟಿದ, ಸಕ್ಕರೆ ಕಾಯಿಲೆಗೂ ಹೊಟ್ಟೆಯ ಉರಿಗೂ ವರ್ಷಾನುಗಟ್ಟಲೆ ಮಾತ್ರೆ ನುಂಗುತ್ತಿರುವವರಿಗೆ.

ನಾನು ಸೋಮವಾರಪೇಟೆ ಕಡೆಯವನು, ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು, ಜೊತೆಗೆ ಮೂರೂವರೆ ಎಕರೆ ಕಾಫಿ ತೋಟವುಳ್ಳವನು. ನಮ್ಮದು ಮಾಂಸ, ಮೊಟ್ಟೆ ಏನೂ ಇಲ್ಲದ ಮನೆ. ಹಾಲು, ಮೊಸರು ಮಾತ್ರ ಧಾರಾಳವಾಗಿತ್ತು. ಸಕ್ಕರೆ ಕಾಯಿಲೆ ಬಂದ ಮೇಲೆ ಕೊಬ್ಬಿನ ಭಯಕ್ಕೆ ನಾನೇ ಅದನ್ನೂ ಕಡಿಮೆ ಮಾಡಿ, ಹಾಲೂ ಬೆಲ್ಲವೂ ಇಲ್ಲದ ಕಪ್ಪು ಕಾಫಿಗೆ ಬಂದಿದ್ದೆ. ಒಂಬತ್ತು ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದೆ. ಅದರ ಜೊತೆಗೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ನಾವೆಲ್ಲ ‘ಗ್ಯಾಸ್ ಮಾತ್ರೆ’ ಎನ್ನುವ ಪ್ಯಾಂಟೊಪ್ರಜೋಲನ್ನು, ಯಾರು ಯಾವಾಗ ಬರೆದುಕೊಟ್ಟರೆಂಬುದೂ ಮರೆತುಹೋಗುವಷ್ಟು ಕಾಲದಿಂದ ನುಂಗುತ್ತಿದ್ದೆ. ಬಿ12 ಕೊರತೆಗೆ ಇದಕ್ಕಿಂತ ಹದವಾದ ನೆಲ ಬೇರೆ ಇಲ್ಲವೆಂದು ಆಮೇಲೆ ತಿಳಿಯಿತು.

2021ರ ಮಳೆಗಾಲದಲ್ಲಿ ಆಯಾಸ ಶುರುವಾಯಿತು. ಮನೆಯಿಂದ ತೋಟದ ಕೆಳಗಿನ ಕೊಲ್ಲಿಗೆ ಇಳಿದು ಹತ್ತುವಷ್ಟರಲ್ಲಿ ಎರಡು ಕಡೆ ಕೂರಬೇಕಾಗುತ್ತಿತ್ತು. ನಾಲಗೆ ಕೆಂಪಾಗಿ ನುಣುಪಾಯಿತು. ಸ್ವಂತ ಬಳ್ಳಿಯ ಕಾಳುಮೆಣಸಿನ ಸಾರು ಕೆಂಡದಂತೆ ಸುಡತೊಡಗಿತು. ಇಂಬಳಗಳು ರಕ್ತ ಹೀರಿ ಹೀರಿ ಹೀಗಾಗಿದೆ ಎಂದು ನಾನೂ ನಕ್ಕೆ, ಕೆಲಸದವರೂ ನಕ್ಕರು. ಡಿಸೆಂಬರಿನಲ್ಲಿ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.2 ಇತ್ತು. ಅದೇ ಹಾಳೆಯಲ್ಲಿ ನಾಲ್ಕು ಸಾಲು ಕೆಳಗೆ ಎಂ.ಸಿ.ವಿ. 108 ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಎಂ.ಸಿ.ವಿ. ಎಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ. ಕಬ್ಬಿಣಾಂಶ ಕಡಿಮೆಯಾದರೆ ಕಣಗಳು ಕುಗ್ಗುತ್ತವೆ. ಬಿ12 ಅಥವಾ ಫೋಲೇಟ್ ಕಡಿಮೆಯಾದರೆ ನೂರನ್ನು ದಾಟಿ ಊದಿಕೊಳ್ಳುತ್ತವೆ. ಆ ಒಂದು ಅಂಕಿ ಇಡೀ ಕಥೆಯನ್ನು ಹೇಳುತ್ತಿತ್ತು. ವೈದ್ಯರು ಮೊದಲ ಸಾಲಿಗೇ ನಿಂತರು. ವಿಜ್ಞಾನದ ಮೇಷ್ಟ್ರು ಎನಿಸಿಕೊಂಡ ನಾನು ಹಾಳೆಯನ್ನು ಮಡಚಿ ಜೇಬಿಗಿಟ್ಟೆ.

ಕಬ್ಬಿಣದ ಟಾನಿಕ್, ಜೊತೆಗೆ ದಿನಕ್ಕೊಂದು 5 ಮಿಲಿಗ್ರಾಂ ಫೋಲಿಕ್ ಆಸಿಡ್ ಮಾತ್ರೆ ಎಂದು ನಾಲ್ಕು ತಿಂಗಳು ನಡೆಯಿತು. ಹಿಮೋಗ್ಲೋಬಿನ್ 11.8ಕ್ಕೆ ಏರಿತು. ಮನೆಯವರಿಗೆಲ್ಲ ಸಮಾಧಾನವಾಯಿತು, ವೈದ್ಯರೂ ಬೆನ್ನು ತಟ್ಟಿದರು. ಆದರೆ ಅದೇ ನಾಲ್ಕು ತಿಂಗಳಲ್ಲಿ ಅಂಗಾಲಿನ ಜುಮುಜುಮು ಮೊಣಕಾಲಿನವರೆಗೆ ಏರಿತ್ತು. ನೆಲದ ಮೇಲೆ ನಡೆದರೆ ಗೋಣಿಚೀಲದ ಮೇಲೆ ನಡೆದಂತೆ ಅನಿಸುತ್ತಿತ್ತು. ಇದು ಸಕ್ಕರೆ ಕಾಯಿಲೆಯ ನರದೌರ್ಬಲ್ಯ, ವಯಸ್ಸಾದ ಮೇಲೆ ಇದ್ದದ್ದೇ ಎಂದು ರಾತ್ರಿಯ ಉರಿಗೆ ಇನ್ನೊಂದು ಮಾತ್ರೆ ಸೇರಿತು. ಆಗ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆ 6.8ರಲ್ಲಿತ್ತು. ಇಷ್ಟು ಹಿಡಿತದಲ್ಲಿರುವ ಸಕ್ಕರೆ ಇಷ್ಟು ಬೇಗ ಕಾಲನ್ನು ತಿನ್ನುತ್ತದೆಯೇ ಎಂದು ಕೇಳಲು ನನಗೂ ಹೊಳೆಯಲಿಲ್ಲ.

ಜನವರಿಯ ಒಂದು ಸಂಜೆ ಕಣದಲ್ಲಿ ಹರಡಿದ್ದ ಕಾಫಿಯನ್ನು ರಾಶಿ ಮಾಡಿಸಿ, ಟಾರ್ಪಾಲು ಹೊದೆಸಿ ಮನೆಗೆ ಬಂದೆ. ಜಗಲಿಯಲ್ಲಿ ನನ್ನ ಮನೆಯವರು ದೀಪ ಹಚ್ಚುತ್ತಿದ್ದರು. “ಇದೇನ್ರೀ, ಇನ್ನೊಂದು ಚಪ್ಪಲಿ ಎಲ್ಲಿ?” ಎಂದರು. ಬಗ್ಗಿ ನೋಡಿದರೆ ಬಲಗಾಲಿನಲ್ಲಿ ಚಪ್ಪಲಿ ಇತ್ತು, ಎಡಗಾಲು ಬರಿಗಾಲಾಗಿತ್ತು. ಅಂಗಾಲಿನಲ್ಲಿ ಒಣಗಿದ ಮಣ್ಣು, ಎರಡು ಬೆರಳ ನಡುವೆ ಒಂದು ಕಾಫಿ ಬೀಜ ಸಿಕ್ಕಿಕೊಂಡಿತ್ತು, ಹಿಮ್ಮಡಿಯ ಪಕ್ಕ ಒಂದು ಗೆರೆ ರಕ್ತ ಒಸರಿತ್ತು. ಕಣದಿಂದ ಮನೆಗೆ ಇನ್ನೂರು ಹೆಜ್ಜೆ ದಾರಿ. ಅಷ್ಟು ದೂರ ಬರಿಗಾಲಿನಲ್ಲಿ ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ, ಇದು ಪೂರ್ತಿ ನನ್ನದೇ. ಪರಿಚಯದವರ ಔಷಧಿ ಅಂಗಡಿಯಲ್ಲಿ ‘ನರಕ್ಕೆ ಒಳ್ಳೆಯದು’ ಎಂದು ಕೊಟ್ಟ ವಿಟಮಿನ್ ಮಾತ್ರೆಗಳನ್ನು ಹದಿನೈದು ದಿನ ನುಂಗಿ, ಆಮೇಲೆ ಬಿ12 ಪರೀಕ್ಷೆಗೆ ರಕ್ತ ಕೊಟ್ಟೆ. ಫಲಿತಾಂಶ 268 ಪಿಕೋಗ್ರಾಂ ಬಂತು. ಪ್ರಯೋಗಾಲಯದ ಹಾಳೆಯಲ್ಲಿ ಸಹಜ ಮಿತಿ ಇನ್ನೂರರ ಆಸುಪಾಸಿನಿಂದ ಶುರುವಾಗುತ್ತಿದ್ದುದರಿಂದ ಅಂಕಿಯ ಮುಂದೆ ನಕ್ಷತ್ರದ ಗುರುತು ಬೀಳಲಿಲ್ಲ, “ಎಲ್ಲ ಸರಿಯಿದೆ” ಎಂದರು. ಇನ್ನೂರರಿಂದ ಮುನ್ನೂರರ ನಡುವೆ ಬಂದರೆ ಅದು ಅನುಮಾನದ ಅಂಕಿ. ಅದರ ಮೇಲೆ ಮಾತ್ರೆ ನುಂಗಿ ಹೋದವನ ರಕ್ತದಲ್ಲಿ ತೇಲುವ ಬಿ12 ಏರಿರುತ್ತದೆಯೇ ಹೊರತು ನರ ಸರಿಹೋಗಿರುವುದಿಲ್ಲ. ನನ್ನ ಆತುರದಿಂದ ಇನ್ನೂ ಮೂರು ತಿಂಗಳು ಕಳೆದುಹೋದವು.

ಮಳೆ ಹಿಡಿದ ಮೇಲೆ ಒಂದು ದಿನ ಕರೆಂಟು ಹೋಗಿತ್ತು. ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೆ, ಅಷ್ಟೇ. ನಿಂತ ನಿಲುವಿನಲ್ಲೇ ಮರ ಬಿದ್ದಂತೆ ಹಂಡೆಯ ಒಲೆಯ ಮೇಲೆ ಬಿದ್ದೆ. ಮುಂಗೈ ಸುಟ್ಟಿತು. ಪಾದ ಎಲ್ಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಬೆನ್ನುಹುರಿಯ ಹಿಂಭಾಗದ ನರತಂತುಗಳು. ಅವು ಕೆಟ್ಟವರು ಕಣ್ಣಿನ ಆಸರೆಯಿಂದ ನಿಂತಿರುತ್ತಾರೆ, ಕಣ್ಣು ಮುಚ್ಚಿದರೆ ತೂರಾಡುತ್ತಾರೆ. ನಿಮ್ಮ ಮನೆಯ ಹಿರಿಯರು ಮುಖ ತೊಳೆಯುವಾಗ ಗೋಡೆ ಹಿಡಿಯತೊಡಗಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ.

ಮಗಳು ಹಟ ಹಿಡಿದು ಮೈಸೂರಿನ ನರರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋದಳು. ಅವರು ಮೊದಲು ಯಂತ್ರಗಳ ಕಡೆಗೆ ಹೋಗಲಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ನಾನು ಎಷ್ಟೋ ವರ್ಷ ಮಕ್ಕಳಿಗೆ ತೋರಿಸಿದ್ದ ಟ್ಯೂನಿಂಗ್ ಫೋರ್ಕನ್ನೇ ತೆಗೆದು, ಅಂಗೈಗೆ ಬಡಿದು, ಅದರ ಬುಡವನ್ನು ನನ್ನ ಹಣೆಯ ಮೇಲಿಟ್ಟರು. ಜುಂಯ್ ಎಂದು ತಲೆಯೆಲ್ಲ ನಡುಗಿತು. ಅದನ್ನೇ ಮತ್ತೆ ಬಡಿದು ಕಾಲಿನ ಹೆಬ್ಬೆರಳ ಮೇಲಿಟ್ಟಾಗ ತಣ್ಣನೆಯ ಲೋಹ ಮುಟ್ಟಿದ್ದು ಮಸುಕಾಗಿ ತಿಳಿಯಿತು, ನಡುಕ ಒಂದಿಷ್ಟೂ ತಿಳಿಯಲಿಲ್ಲ. ಕವಲುಗಳು ಅದುರುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಆ ಕ್ಷಣದಲ್ಲಿ ನನಗೆ ನಿಜವಾಗಿ ಭಯವಾಯಿತು.

ಅವರು ಹಳೆಯ ಹಾಳೆಗಳನ್ನೆಲ್ಲ ಕೇಳಿ ಪಡೆದು, 108 ಎಂಬ ಅಂಕಿಗೆ ಪೆನ್ನಿನಿಂದ ಸುತ್ತು ಹಾಕಿದರು. ಮೀಥೈಲ್ ಮೆಲೋನಿಕ್ ಆಸಿಡ್ ಮತ್ತು ಹೋಮೋಸಿಸ್ಟೀನ್ ಎಂಬ ಎರಡು ಪರೀಕ್ಷೆಗಳನ್ನು ಬರೆದರು. ಜೀವಕೋಶದೊಳಗೆ ಬಿ12 ಸಾಲದಿದ್ದಾಗ ಈ ಎರಡೂ ರಕ್ತದಲ್ಲಿ ಕಟ್ಟಿಕೊಳ್ಳುತ್ತವೆ. ನನಗೆ ಎರಡೂ ಬಹಳ ಮೇಲಿದ್ದವು. ಕುತ್ತಿಗೆಯ ಎಂ.ಆರ್.ಐ.ನಲ್ಲಿ ಬೆನ್ನುಹುರಿಯ ಹಿಂಭಾಗ, ಹಾನಿಯ ಗುರುತಾಗಿ, ಬೆಳ್ಳಗೆ ಕಂಡಿತು.

ಟಾನಿಕ್ ಹೇಗೆ ಹಾನಿ ಮಾಡಿತೆಂಬುದನ್ನು ಅವರು ವಿವರಿಸಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹೊಸ ರಕ್ತಕಣ ಹುಟ್ಟಲು ಫೋಲೇಟ್ ಬೇಕು, ಆ ಫೋಲೇಟ್ ಕೆಲಸಕ್ಕೆ ಬರಬೇಕಾದರೆ ಬಿ12 ಬೇಕು. ಬಿ12 ಇಲ್ಲದಾಗ ಫೋಲೇಟ್ ಒಂದು ರೂಪದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ರಕ್ತ ಕುಸಿಯುತ್ತದೆ. ಹೊರಗಿನಿಂದ ಫೋಲಿಕ್ ಆಸಿಡ್ ಸುರಿದರೆ ಅದು ಆ ತಡೆಯ ಪಕ್ಕದಿಂದ ಹಾದುಹೋಗಿ ರಕ್ತವನ್ನು ಎತ್ತಿಬಿಡುತ್ತದೆ. ಆದರೆ ನರದ ಮೇಲಿನ ಕೊಬ್ಬಿನ ಹೊದಿಕೆಯನ್ನು ಕಾಪಾಡಲು ಬಿ12 ಇಲ್ಲದೆ ಆಗುವುದಿಲ್ಲ. ಎಚ್ಚರಿಕೆ ಕೊಡಬೇಕಾದ ರಕ್ತ ಬಾಯಿ ಮುಚ್ಚಿಕೊಂಡಿತು, ನರ ಒಳಗೊಳಗೇ ಸವೆಯಿತು. ಇದು ಹೊಸ ಸಂಗತಿಯೂ ಅಲ್ಲ. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದಲ್ಲಿ 1940ರ ದಶಕದಲ್ಲಿ ಫೋಲಿಕ್ ಆಸಿಡ್ಡನ್ನು ತಯಾರಿಸಿದ ಕೆಲವೇ ವರ್ಷಗಳಲ್ಲಿ, ಅದನ್ನು ಕೊಟ್ಟ ಕೆಲವು ರೋಗಿಗಳಲ್ಲಿ ರಕ್ತ ಸುಧಾರಿಸಿ ಕಾಲು ಬಿದ್ದುಹೋಗುವುದನ್ನು ವೈದ್ಯರು ಕಂಡಿದ್ದರು. ಬಿ12 ಬೇರ್ಪಡಿಸಿ ಕೈಗೆ ಸಿಕ್ಕಿದ್ದು 1948ರಲ್ಲಿ. ಅಂದಿನಿಂದ ಪುಸ್ತಕದಲ್ಲಿರುವ ಪಾಠ ಸೋಮವಾರಪೇಟೆಯ ಒಬ್ಬ ಮೇಷ್ಟ್ರ ಕಾಲಿನ ಮೇಲೆ ಮತ್ತೆ ಬರೆಯಲ್ಪಟ್ಟಿತು.

ಮೆಟ್‌ಫಾರ್ಮಿನ್ ಸಣ್ಣ ಕರುಳಿನ ಕೊನೆಯಲ್ಲಿ ಬಿ12 ಹೀರಿಕೊಳ್ಳುವುದನ್ನು ಕುಂದಿಸುತ್ತದೆ. ಗ್ಯಾಸ್ ಮಾತ್ರೆ ಆಹಾರದಿಂದ ಬಿ12 ಬಿಡಿಸುವ ಹೊಟ್ಟೆಯ ಆಮ್ಲವನ್ನೇ ಅಡಗಿಸುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಮೆಟ್‌ಫಾರ್ಮಿನ್ ಕುರಿತು ಇದೇ ಎಚ್ಚರಿಕೆಯನ್ನು ವೈದ್ಯರಿಗೆ ಕೊಟ್ಟಿತು. ಹಾಗೆಂದು ನಾನು ಮೆಟ್‌ಫಾರ್ಮಿನ್ ಬಿಟ್ಟಿಲ್ಲ, ನೀವೂ ಸ್ವಂತ ಬುದ್ಧಿಯಿಂದ ಬಿಡಬೇಡಿ. ಗ್ಯಾಸ್ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳಿ ನಿಲ್ಲಿಸಿದೆ. ಯಕೃತ್ತಿನಲ್ಲಿ ಬಿ12 ದಾಸ್ತಾನು ವರ್ಷಗಳ ಮಟ್ಟಿಗೆ ಸಾಕಾಗುವಷ್ಟು ಇರುವುದರಿಂದ ಕೊರತೆ ತಡವಾಗಿ ಹೊರಬೀಳುತ್ತದೆ, ಹೊರಬೀಳುವಾಗ ಕಾರಣ ಯಾವುದೆಂಬುದೇ ಮರೆತಿರುತ್ತದೆ.

ನಂಟರಿಷ್ಟರ ಸಲಹೆಗಳಿಗೆ ಬರವಿರಲಿಲ್ಲ. ಆಟಿ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಎರಡು ಬಟ್ಟಲು ಹೆಚ್ಚಿಗೆ ಉಣ್ಣಿ ಎಂದರು, ಅಣಬೆಯಲ್ಲಿ ಎಲ್ಲವೂ ಇದೆ ಎಂದರು, ಮೊಳಕೆಕಾಳು ಎಂದರು. ಮದ್ದುಸೊಪ್ಪಿನ ಮೇಲೆ ನನಗೂ ಪ್ರೀತಿಯಿದೆ, ಮರುದಿನ ಮೂತ್ರ ಕೆಂಪಾಗುವುದನ್ನು ನೋಡಿ ಚಿಕ್ಕಂದಿನಲ್ಲಿ ಹೆದರಿದವರಲ್ಲಿ ನಾನೂ ಒಬ್ಬ. ಆದರೆ ಬಿ12 ಅನ್ನು ತಯಾರಿಸುವುದು ಸೂಕ್ಷ್ಮಜೀವಿಗಳು ಮಾತ್ರ; ಸೊಪ್ಪು, ಕಾಳು, ಕಣಿಲೆಗಳಲ್ಲಿ ನೆಚ್ಚಿಕೊಳ್ಳುವಷ್ಟು ಅದು ಸಿಗುವುದಿಲ್ಲ. ಮಾಂಸ, ಮೀನು, ಮೊಟ್ಟೆ, ಹಾಲುಗಳಲ್ಲಿ ಸಿಗುತ್ತದೆ. ದಿನಕ್ಕೆ ಬೇಕಾದದ್ದು ಎರಡೂವರೆ ಮೈಕ್ರೋಗ್ರಾಮಿನ ಆಸುಪಾಸು, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ. ನಾನು ಬಿಟ್ಟದ್ದು ಅದನ್ನೇ.

ಮಾಂಸ ತಿನ್ನುವವರು ಇದನ್ನು ಓದಿ ನಿಶ್ಚಿಂತರಾಗುವಂತಿಲ್ಲ. ನಮ್ಮ ತೋಟದ ಬೇಲಿಯಾಚೆಯ ಕೊಡವ ಮಿತ್ರರ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಪಂದಿಕರಿ ಆಗಲೇಬೇಕು. ಅವರಿಗೂ ಇದೇ ಕೊರತೆ. ಹೊಟ್ಟೆಯ ಒಳಪದರ ಸ್ರವಿಸುವ, ಬಿ12 ಅನ್ನು ಕರುಳಿನವರೆಗೆ ಕೈಹಿಡಿದು ಒಯ್ಯುವ ಒಂದು ಪ್ರೋಟೀನನ್ನು ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಹಾಳುಮಾಡುತ್ತಿದೆ. ಎಷ್ಟು ತಿಂದರೂ ದಕ್ಕುವುದಿಲ್ಲ. ಅವರಿಗೆ ಚಿಕಿತ್ಸೆ ಜೀವನಪೂರ್ತಿ. ಒಮ್ಮೆ “ಈಗ ಚೆನ್ನಾಗಿದ್ದೇನಲ್ಲ, ಮೇಷ್ಟ್ರೇ” ಎಂದು ಇಂಜೆಕ್ಷನ್ ಬಿಟ್ಟರು. ಎರಡನೆಯ ವರ್ಷಕ್ಕೆ ಬೆರಳುಗಳ ಜೋಮು ಮರಳಿತು, ಕೋವಿಯ ಕುದುರೆ ಎಳೆಯುವ ಬೆರಳಿಗೂ ಅದು ಬಂದಾಗ ತಾವಾಗಿಯೇ ಆಸ್ಪತ್ರೆಗೆ ಹೋದರು.

ನನಗೆ ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ತಿಂಗಳಿಗೊಂದು ಎಂದು 1000 ಮೈಕ್ರೋಗ್ರಾಮಿನ ಇಂಜೆಕ್ಷನ್ ಆಯಿತು. ನಾಲಗೆಯ ಉರಿ ಎರಡು ವಾರದಲ್ಲಿ ಹೋಯಿತು, ರಕ್ತ ಎರಡು ತಿಂಗಳಲ್ಲಿ ಪೂರ್ತಿ ಸರಿಹೋಯಿತು. ಕಾಲಿನ ಜುಮುಜುಮು ಮಾತ್ರ ಮೊದಲ ಕೆಲವು ವಾರ ಹೆಚ್ಚಾಯಿತು. ಔಷಧಿ ಆಗುತ್ತಿಲ್ಲವೆಂದು ನಾನು ಕಂಗೆಟ್ಟಿದ್ದೆ, ನರ ಎಚ್ಚರಗೊಳ್ಳುತ್ತಿರಬಹುದು, ಬಿಡಬೇಡಿ ಎಂದು ವೈದ್ಯರು ಧೈರ್ಯ ಹೇಳಿದರು. ನರ ಚೇತರಿಸುವುದು ತಿಂಗಳುಗಳ ಲೆಕ್ಕದಲ್ಲಿ, ಅದೂ ಎಷ್ಟು ತಡವಾಗಿ ಬಂದಿದ್ದೀರಿ ಎಂಬುದರ ಮೇಲೆ. ಏಳನೆಯ ತಿಂಗಳಲ್ಲಿ ಕಣದಲ್ಲಿ ಬಲಗಾಲಿಗೆ ಕಾಫಿ ಬೀಜ ಚುಚ್ಚಿದಾಗ “ಅಯ್ಯೋ” ಎಂದು ಕೂಗಿದೆ. ಕೆಲಸದವರು ಹಾವೆಂದು ಓಡಿಬಂದರು.

ಈಗ ದಿನಕ್ಕೊಂದು 1000 ಮೈಕ್ರೋಗ್ರಾಮಿನ ಮಾತ್ರೆ ನುಂಗುತ್ತೇನೆ. ಅಷ್ಟು ದೊಡ್ಡ ಪ್ರಮಾಣದಲ್ಲಿ ನೂರಕ್ಕೊಂದು ಪಾಲು ನೇರವಾಗಿ ಕರುಳಿನಿಂದ ಇಳಿದರೂ ಸಾಕಾಗುತ್ತದೆ. ಆದರೆ ನರಕ್ಕೆಂದು ಮಾರುವ ಮಿಶ್ರಣದ ಮಾತ್ರೆಗಳನ್ನು ಮುಟ್ಟುವುದಿಲ್ಲ. ಅವುಗಳಲ್ಲಿ ಬಿ6 ಹೇರಳವಾಗಿದ್ದರೆ, ದೀರ್ಘಕಾಲ ನುಂಗಿದಾಗ ಬಿ6 ತಾನೇ ಕಾಲಿನ ನರವನ್ನು ಕೆಡಿಸಬಲ್ಲದು. ಮಾತ್ರೆಯ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರ ಓದಿಯೇ ಕೊಳ್ಳಿ. ವರ್ಷಕ್ಕೊಮ್ಮೆ, ಮುಂಗಾರು ಹಿಡಿಯುವ ಮೊದಲು, ರಕ್ತ ಪರೀಕ್ಷೆ ಮಾಡಿಸಿ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ನಾನೇ ಓದುತ್ತೇನೆ, ಹಳೆಯ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು.

ಕಳೆದ ತಿಂಗಳು ಮೈಸೂರಿನಲ್ಲಿ ಮತ್ತೆ ಆ ಫೋರ್ಕ್ ಇಟ್ಟರು. ಬಲಗಾಲಿನಲ್ಲಿ ಜುಂಯ್ ಎಂದಿತು. ಎಡ ಹೆಬ್ಬೆರಳಿನಲ್ಲಿ ತಣ್ಣಗಿತ್ತು, ಅಷ್ಟೇ. ವಾಪಸು ಬರುವಾಗ ಕುಶಾಲನಗರದಲ್ಲಿ ಇಳಿದು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಕೊಂಡೆ.