ಬಾದಾಮಿನೋ ಲಕ್ಕುಂಡಿನೋ? ಮನಿಮಂದಿ ಕರ್ಕೊಂಡು ಹೋದವನ ಲೆಕ್ಕ

ಮೊದಲ ಹೇಳಿಬಿಡ್ತೀನಿ, ನನ್ನ ವೋಟು ಗದಗ ಹತ್ರದ ಲಕ್ಕುಂಡಿಗೆ. ಬಾದಾಮಿ ಕಮ್ಮಿ ಅಂತ ಅಲ್ಲ ಮತ್ತ, ಚಾಲುಕ್ಯರ ರಾಜಧಾನಿನ ಕಮ್ಮಿ ಅನ್ನಾಕ ನಾ ಯಾವ ಊರ ಗೌಡ? ಆದ್ರ ಹುಬ್ಬಳ್ಳಿಯಿಂದ ಮೊಣಕಾಲು ನೋವಿನ ಅವ್ವ, ಮಾತಿಗೊಮ್ಮೆ ಹಸಿವು ಅನ್ನೋ ಹುಡುಗೂರು, ಜೋಡಿ ಅಕ್ಕ-ಭಾವ, ಇಷ್ಟು ಮಂದಿನ್ನ ಕಟ್ಕೊಂಡು ಹೊಂಟ್ರ ಎರಡೂ ಊರಿಗೆ ಭಾಳ ಫರಕ್ ಐತಿ. ಅದನ್ನ ಯೂಟ್ಯೂಬ್‌ನ್ಯಾಗ ಯಾರೂ ಹೇಳಂಗಿಲ್ಲ, ಡ್ರೋನ್ ಹಾರಿಸಿ ಅಗಸ್ತ್ಯ ಹೊಂಡ ತೋರಿಸಿ ಮುಗಿಸಿಬಿಡ್ತಾರ.

ಬಾದಾಮಿಗೆ ಏಳು ಸೀಟಿನ ಗಾಡಿ ಬಾಡಿಗಿ ಹಿಡದ್ವಿ. ಫೋನಿನ್ಯಾಗ ಕೇಳಿದಾಗ, "ಸರ, ಕಿಲೋಮೀಟರಿಗೆ 15 ರೂಪಾಯಿ, ದಿನಕ್ಕ ಮಿನಿಮಮ್ 300 ಕಿಲೋಮೀಟರಿನ ರೊಕ್ಕ, ಡ್ರೈವರ್ ಬಾಟಾ (ಅವನ ದಿನದ ಭತ್ಯೆ) ಬ್ಯಾರೆ" ಅಂದ್ರು. ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮ್ಯಾಲೆ ಬಾದಾಮಿ ನೂರಾ ಚಿಲ್ಲರ ಕಿಲೋಮೀಟರ್, ಅಲ್ಲಿಂದ ಪಟ್ಟದಕಲ್ಲು 22, ಅದರ ಮುಂದ ಐಹೊಳಿ, ತಿರುಗಿ ಮನಿ, ಎಲ್ಲಾ ಕೂಡಿ 300ರ ಆಸುಪಾಸು. ಹಂಗಾರ 4,500 ಮತ್ತ ಬಾಟಾ, ಇಷ್ಟ ಅಂತ ಭಾವನವರು ಅಲ್ಲೇ ಲೆಕ್ಕ ಹಾಕಿ ಎಲ್ಲಾರಿಗೂ ಪಾಲು ಹಚ್ಚಿಬಿಟ್ರು. ಅವ್ವಗ ಒಂದ ದಿನದಾಗ ಇಷ್ಟು ತಿರುಗಾಟ ಆಗಂಗಿಲ್ಲ, ರಾತ್ರಿ ಅಲ್ಲೇ ಲಾಡ್ಜ್‌ನ್ಯಾಗ ಉಳಿತೀವಿ ಅಂತ ಗಾಡಿಯವರಿಗೆ ಮೊದಲ ಹೇಳಿದ್ವಿ, "ಆತು ಬಿಡ್ರಿ ಸರ, ಏನ್ ತೊಂದ್ರಿ ಇಲ್ಲ" ಅಂದಿದ್ರು. ತೊಂದ್ರಿ ಇಲ್ಲ ಅಂದದ್ದು ಅವರಿಗೆ ಅಂತ ಆಮ್ಯಾಲೆ ತಿಳೀತು. ರಾತ್ರಿ ಊಟ ಆದಮ್ಯಾಲೆ ಡ್ರೈವರ್ ಮೆಲ್ಲಕ ಬಾಯಿ ಬಿಟ್ಟ, 12 ಹೊಡದ್ರ ಎರಡನೇ ದಿನ ಸುರು, ಆ ದಿನಕ್ಕ ಮತ್ತ 300 ಕಿಲೋಮೀಟರ್ ಹಿಡಿತಾರ್ರಿ ಅಂತ.

ಅಂದ್ರ ನೋಡ್ರಿ, ನಾವು ಓಡೂದು 300, ರೊಕ್ಕ ಕೊಡೂದು 600ಕ್ಕ. 9,000 ರೂಪಾಯಿ, ಬಾಟಾ ಎರಡು ದಿನದ್ದು, ಮ್ಯಾಲೆ ಪಾರ್ಕಿಂಗು. ಗಾಡಿ ಲಾಡ್ಜ್ ಮುಂದ ಬೇವಿನ ಗಿಡದ ಬುಡಕ ಸುಮ್ನ ನಿಂತೈತಿ, ನಮ್ಮ ಪಾಕೀಟು ಓಡಾಕತ್ತೈತಿ. ಅದೂ ಸಾಲದ್ದಕ್ಕ ಎಣಿಕಿ ನಮ್ಮ ಮನಿ ಬಾಗಲಿಂದ ಅಲ್ಲ, ಅವರ ಶೆಡ್ಡಿನಿಂದ ಶೆಡ್ಡಿಗೆ. ಆ ಒಬ್ಬ ಟ್ರಾವೆಲ್ಸಿನವರದ ಕಿತಾಪತಿ ಇರಬೇಕು ಅನ್ಕೊಂಡು ಬ್ಯಾರೆ ಎರಡು ಕಡೆ ವಿಚಾರಿಸಿದ್ರ ಅವರದೂ ಹೆಚ್ಚೂಕಮ್ಮಿ ಅದ ಪದ್ಧತಿ. ಇರಲಿ, ಗಾಡಿ ನಿಂತ್ರ ಅವರಿಗೂ ಧಂದೆ ಹೋತು, ಒಪ್ಪೂಣು. ಕೇಳಿದಾಗ ಒಂದು ಮಾತು ಬಾಯಿ ಬಿಡಲಿಲ್ಲಲ್ಲ, ಅದಕ್ಕ ನನಗ ಸಿಟ್ಟು.

ರೊಕ್ಕದಕಿಂತ ದೊಡ್ಡ ತ್ರಾಸು ಅಂದ್ರ ಈ ಮಿನಿಮಮ್ ಲೆಕ್ಕ ಒಮ್ಮೆ ತಲ್ಯಾಗ ಹೊಕ್ಕಿತಂದ್ರ ಟ್ರಿಪ್ಪು ಟ್ರಿಪ್ಪಾಗಿ ಉಳಿಯಂಗಿಲ್ಲ, ವಸೂಲಿ ಆಗ್ತೈತಿ. ಮರುದಿನ ಮುಂಜಾನೆ ಭಾವನವರು, ಹೆಂಗಿದ್ರೂ ರೊಕ್ಕ ಹೋತು, ಐಹೊಳಿ ಮುಗಿಸಿ ಕೂಡಲಸಂಗಮನೂ ಮಾಡಿಬಿಡೂಣು ಅಂತ ಸುರು ಹಚ್ಕೊಂಡ್ರು. ಅವ್ವ ಒಲ್ಲೆ ಅಂದ್ಲು, ಇಲ್ಲಾಂದ್ರ ಅದೂ ಆಗಿಬಿಡತಿತ್ತು. ಪಟ್ಟದಕಲ್ಲಿನ್ಯಾಗ ವಿರೂಪಾಕ್ಷ ಗುಡಿ ಕಂಬದ ಮ್ಯಾಲಿನ ರಾಮಾಯಣ ಮಹಾಭಾರತದ ಕತಿ ಹುಡುಗೂರಿಗೆ ತೋರಸೂಣು ಅಂತ ನಾ ಅನ್ಕೊಂಡಿದ್ದೆ, ಗಡಿಯಾರ ನೋಡ್ಕೋತ ಓಡಿಸಿದ್ರು. ಐಹೊಳಿ ಮುಟ್ಟೂದಕ್ಕ ಮಟಮಟ ಮಧ್ಯಾಹ್ನ, ಹುಡುಗೂರು ದುರ್ಗಾ ಗುಡಿಗೆ ಗಾಡಿ ಕಿಟಕಿಯಿಂದನ ಕೈ ಮುಗದು ಎಸಿ ಹಾಕು ಮಾಮಾ ಅಂದ್ವು.

ಬಾದಾಮಿ ಊರು ಹೆಂಗಿತ್ತು ಅಂದ್ರ, ಗವಿ ಬಗ್ಗೆ ನಾ ಏನೂ ಕುಂದು ಹೇಳಂಗಿಲ್ಲ. ಮೂರನೇ ಗವಿಯೊಳಗ ಮಂಗಲೇಶನ 578ರ ಶಾಸನ ಐತಿ, ಅಲ್ಲಿ ವರಾಹ, ನರಸಿಂಹ, ತ್ರಿವಿಕ್ರಮ ಒಂದಕ್ಕಿಂತ ಒಂದು ಆಳೆತ್ತರ ಮೂರ್ತಿ, ನೋಡ್ಕೋತ ನಿಂತ್ರ ಕಾಲು ಸೋತದ್ದು ಗೊತ್ತಾಗಂಗಿಲ್ಲ. ಗೊತ್ತಾಗಿದ್ದು ಅವ್ವಗ. ಪಾವಟಿಗಿ ಎತ್ತರ ಅದಾವು, ಒಂದನೇ ಗವಿಯ 18 ಕೈ ನಟರಾಜನ ತನಕ ಹೆಂಗೋ ಹತ್ತಿದ್ಲು, "ನಂದು ಇಷ್ಟ ಸಾಕ್ರೋ, ನೀವು ಹೋಗಿ ಬರ್ರಿ" ಅಂತ ಅಲ್ಲೇ ಕುಂತ್ಲು. ಒಬ್ಬಾಕಿನ್ನ ಬಿಡಾಕ ಬರಂಗಿಲ್ಲ, ಮಂಗ್ಯಾ ಭಾಳ, ಹಿಂಗಾಗಿ ಪಾಳಿ ಪ್ರಕಾರ ಒಬ್ಬೊಬ್ಬರು ಅಕಿ ಹಂತ್ಯಾಕ. ನಾಕನೇದು ಜೈನ ಗವಿ, ಅದನ್ನ ನೋಡೂ ಪಾಳಿ ನನ್ನ ಹೆಂಡ್ತಿಗೆ ಬರಲೇ ಇಲ್ಲ, ಅದರ ಮಾತು ಇನ್ನೂ ನಡದೈತಿ ಮನಿಯಾಗ. ಕನ್ನಡದ ಹುಚ್ಚಿದ್ದವರಿಗೆ ಅಲ್ಲೇ ಬಂಡೆಗಲ್ಲಿನ ಮ್ಯಾಲೆ ಕಪ್ಪೆ ಅರಭಟ್ಟನ ತ್ರಿಪದಿ ಶಾಸನ ಐತಿ, ಅಲ್ಲೀ ತನಕ ನಡಿಯಾಕ ನಮ್ಮ ಪಟಾಲಮ್ ಒಪ್ಪಲಿಲ್ಲ.

ಊಟದಾಗ ಮಾತ್ರ ಬಾದಾಮಿ ಗೆದ್ದಂಗ. ಬನಶಂಕರಿ ಗುಡಿ ಹಂತ್ಯಾಕ ಬುಟ್ಟಿ ಹೊತ್ತು ಬರೋ ಅಜ್ಜಿಗಳ ಹತ್ರ ಕಟಕ್ ರೊಟ್ಟಿ, ಪುಂಡಿಪಲ್ಯೆ, ಕೆಂಪು ಖಾರ, ಮ್ಯಾಲೆ ಗಟ್ಟಿ ಮೊಸರು. ಲಾಡ್ಜಿನ ಮೆನುಕಾರ್ಡ್ ಮರತ್ರೂ ಪರವಾಗಿಲ್ಲ, ಇದನ್ನ ಬಿಡಬ್ಯಾಡ್ರಿ.

ಇನ್ನ ಲಕ್ಕುಂಡಿ. ಇದಕ್ಕ ಗಾಡಿ ಬಾಡಿಗಿ ಹಿಡಿಯೂ ಮಾತ ಬರಂಗಿಲ್ಲ, ಹುಬ್ಬಳ್ಳಿಯಿಂದ ಹೋಗಿಬರೂದು 140 ಕಿಲೋಮೀಟರ್, 300ರ ರೊಕ್ಕ ಯಾರು ಕೊಡ್ತಾರ? ಸಾದಾ ಸರಕಾರಿ ಬಸ್ ಹತ್ತಿದ್ವಿ. 2023ರಿಂದ ಶಕ್ತಿ ಯೋಜನೆ ಐತಲ್ಲ, ಅವ್ವ, ಅಕ್ಕ, ನನ್ನ ಹೆಂಡ್ತಿ ಮೂವರೂ ಆಧಾರ್ ತೋರಿಸಿ ಫ್ರೀ, ಟಿಕೆಟ್ ತಗೊಂಡವರು ನಾನು, ಭಾವ, ಮತ್ತ ಗಂಡು ಹುಡುಗೂರು. ಭಾವನವರಿಗೆ ಪಾಲು ಹಚ್ಚಾಕ ಏನೂ ಉಳೀಲಿಲ್ಲ. ಗದಗಿನ್ಯಾಗ ಇಳದು ಕೊಪ್ಪಳ ರೋಡಿನ ಬಸ್ ಹಿಡದ್ರ 11-12 ಕಿಲೋಮೀಟರಿಗೆ ಲಕ್ಕುಂಡಿ. ಎಕ್ಸ್‌ಪ್ರೆಸ್ ಇದ್ರ ಅಲ್ಲಿ ನಿಲ್ಲತೈತೇನು ಅಂತ ಹತ್ತೂಕಿಂತ ಮೊದ್ಲ ಕೇಳ್ಕೋರಿ.

ಊರಾಗಿನ ಗುಡಿ ಎಲ್ಲಾ ಸಪಾಟ ನೆಲದ ಮ್ಯಾಲೆ, ಓಣಿಯೊಳಗ, ಮನಿಗಳ ನಡುವ. ಒಂದು ಗುಡಿ ನೋಡೂದು, ಯಾರದರ ಕಟ್ಟಿ ಮ್ಯಾಲೆ ಕುಂದರೂದು, ನೀರು ಕುಡದು ಮುಂದಿನ ಗುಡಿ. ಅವ್ವ ಎಲ್ಲಾ ನೋಡಿದ್ಲು, ನಮಗಿಂತ ಹೆಚ್ಚಿಗೆ ನೋಡಿದ್ಲು ಅನ್ರಿ. ಬ್ರಹ್ಮ ಜಿನಾಲಯ 1007ರಾಗ ಅತ್ತಿಮಬ್ಬೆ ಕಟ್ಟಿಸಿದ್ದು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರಿಸಿ ಹಂಚಿದಾಕಿನೂ ಅಕಿನ ಅಂತ ನಾ ಹೇಳಿದೆ, ಅದಕ್ಕ ಅವ್ವ, "ಆಗಿನ ಕಾಲದಾಗ ಅಕಿ ಕೈಯಾಗ ಅಷ್ಟು ರೊಕ್ಕ ಯಾರು ಕೊಟ್ರೋ, ಈಗ ನನ್ನ ಪೆನ್ಶನ್ನ ನೀವು ಕೊಡಂಗಿಲ್ಲ" ಅಂದ್ಲು. ಹುಡುಗೂರಿಗೆ ಒಳಗಿನ ನಾಕು ಮುಖದ ಬ್ರಹ್ಮ ಭಾಳ ಸೇರಿತು.

ಕಾಶಿ ವಿಶ್ವೇಶ್ವರ ಗುಡಿಗೆ ಮಾತ್ರ ಪುರುಸೊತ್ತು ಇಟ್ಕೊಂಡು ಹೋಗ್ರಿ. ಶಿವನ ಗುಡಿ ಒಂದು ಕಡೆ, ಎದುರಿಗೆ ಸೂರ್ಯಂದು ಸಣ್ಣದು, ನಡುವ ಬಯಲು ಕಟ್ಟಿ. ಬಾದಾಮಿಯ ಕೆಂಪು ಉಸುಕಿನ ಕಲ್ಲು ಬ್ಯಾರೆ, ಇಲ್ಲಿ ನುಣ್ಣಗಿನ ಬಳಪದ ಕಲ್ಲು, ಹಿಂಗಾಗಿ ಉಳಿ ಹೆಂಗ ಬೇಕಾದ್ರೂ ಆಡೇತಿ. ಬಾಗಲ ಚೌಕಟ್ಟಿನ್ಯಾಗ ಒಂದರ ಮಗ್ಗಲ ಒಂದು ಪಟ್ಟಿ, ಬಳ್ಳಿ, ಬಳ್ಳಿಯೊಳಗ ಸಣ್ಣ ಸಣ್ಣ ಮಂದಿ. ಅಕ್ಕ ಬೊಟ್ಟು ಹಚ್ಚದ ದೂರಿಂದ ಒಂದೊಂದು ಪಟ್ಟಿ ಎಣಿಸಾಕ ಹೋಗಿ ನಡುವ ತಪ್ಪಿ ಮತ್ತ ಮೊದಲಿಂದ ಸುರು ಮಾಡಿದ್ಲು. ಒಳಗಿನ ಕಂಬ ಚರಕಿಗೆ ಹಚ್ಚಿ ತಿರುವಿದಂಗ ಉರುಟು, ಮಿಂಚತಾವು. ಮಾಣಿಕೇಶ್ವರ ಗುಡಿ ಬಾಜು ಪಾವಟಿಗಿ ಇಳದು ಹೋಗೂ ಮುಸುಕಿನ ಬಾವಿ ಐತಿ, ಹುಡುಗೂರನ್ನ ಕೈ ಹಿಡ್ಕೊಂಡ ಇಳಸ್ರಿ.

ಲಕ್ಕುಂಡಿಯೊಳಗ ಕುಂತು ಉಣ್ಣಾಕ ಫ್ಯಾಮಿಲಿ ಹೋಟೆಲ್ ನಮಗ ಸಿಗಲಿಲ್ಲ, ಬುತ್ತಿ ಕಟ್ಟಗೊಂಡು ಹೋಗಿದ್ವಿ, ನಡೀತು. ಹೆಣ್ಣುಮಕ್ಕಳು ಗದಗ ಬಸ್‌ಸ್ಟ್ಯಾಂಡಿನ್ಯಾಗ ಬಾತ್‌ರೂಮಿಗೆ ಹೋಗೇ ಮುಂದ ಹೋಗೂದು ಚಲೋ. ಗುಡಿಗೆ ಟಿಕೆಟ್ ಯಾರೂ ಕೇಳಲಿಲ್ಲ. ಹೊಳ್ಳಿ ಬರೂ ಮುಂದ ಗದಗಿನ್ಯಾಗ ತ್ರಿಕೂಟೇಶ್ವರ, ಅಲ್ಲಿ ಒಂದ ಪಾಣಿಪೀಠದ ಮ್ಯಾಲೆ ಮೂರು ಲಿಂಗ. ಆಮ್ಯಾಲೆ ವೀರನಾರಾಯಣ ಗುಡಿ, ಕುಮಾರವ್ಯಾಸ ಕುಂತು ಭಾರತ ಬರದ ಅನ್ನೋ ಕಂಬಕ್ಕ ಅವ್ವ ಬೆನ್ನು ಹಚ್ಚಿ ಕುಂತು ಕಾಲು ಚಾಚಿದ್ಲು. ಹೊರಗ ಬಂದು ಗಿರಮಿಟ್, ಮಿರ್ಚಿ, ಚಹಾ. ರಾತ್ರಿ ಊಟಕ್ಕ ಮನಿಯಾಗ.



ಹಂಗಂತ ಬಾದಾಮಿಗೆ ನಾ ಇನ್ನೊಮ್ಮೆ ಹೋಗಾವನ, ಆದ್ರ ಚಳಿಗಾಲದಾಗ, ಹೆಂಡ್ತಿ ಜೋಡಿ ಇಬ್ಬರ, ಟ್ರೇನ್‌ನ್ಯಾಗ. ಸ್ಟೇಷನ್ ಊರಿಂದ ಐದು ಕಿಲೋಮೀಟರ್ ದೂರ ಐತಿ, ಆಟೋದವರ ಜೋಡಿ ಒಂದಿಷ್ಟು ಚೌಕಾಶಿ ಆಗ್ತೈತಿ, ಅದಕ್ಕ ತಯಾರಿರ್ರಿ. ಊರು ಸೇರಿದ ಮ್ಯಾಲೆ ಗವಿ, ಹೊಂಡ, ಭೂತನಾಥ ಗುಡಿ ಎಲ್ಲಾ ನಡದು ನೋಡಾಕ ಬರ್ತೈತಿ, ನಾಕನೇ ಗವಿ ಬಾಕಿನೂ ತೀರ್ತೈತಿ.