ಇಂಟೆಲ್ಲೋ ಎಎಂಡಿಯೋ: ಎರಡನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಿದಾಗ

ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಮಾಡುವ ಎರಡು ಮುಖ್ಯ ಕಂಪನಿಗಳು ಇಂಟೆಲ್ ಮತ್ತು ಎಎಂಡಿ. ಒಂದೇ ದರ್ಜೆಯ ಎರಡು ಪ್ರೊಸೆಸರ್‌ಗಳನ್ನು ಒಂದೇ ಕೆಲಸಕ್ಕೆ ಹಚ್ಚಿ ನೋಡದೆ ಇಂಟೆಲ್ ಮೇಲು, ಎಎಂಡಿ ಮೇಲು ಎಂದು ವಾದಿಸುವುದರಲ್ಲಿ ಹುರುಳಿಲ್ಲ. ನನಗೆ ಆ ಅವಕಾಶ ಸಿಕ್ಕಿತು. ಇಂಟೆಲ್ ಕೋರ್ ಐ5 13600ಕೆ ಮತ್ತು ಎಎಂಡಿ ರೈಜನ್ 7 7700, ಎರಡೂ ತಿಂಗಳುಗಟ್ಟಲೆ ನನ್ನ ಮೇಜಿನ ಮೇಲೆ ದುಡಿದವು. ಡಿಡಿಆರ್5 ರ‍್ಯಾಮ್ ಅದೇ, ಎಸ್‌ಎಸ್‌ಡಿ ಅದೇ, ಗ್ರಾಫಿಕ್ಸ್ ಕಾರ್ಡ್ ಅದೇ, ಕ್ಯಾಬಿನೆಟ್ಟೂ ಅದೇ. ಬದಲಾದದ್ದು ಪ್ರೊಸೆಸರ್, ಮದರ್‌ಬೋರ್ಡ್, ಕೂಲರ್ ಅಷ್ಟೇ. ಹಾಗಾಗಿ ಕಂಡ ವ್ಯತ್ಯಾಸಗಳಿಗೆ ಬೇರೆ ಕಾರಣ ಹುಡುಕಬೇಕಾಗಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ: ಬ್ರೌಸರ್, ಕಚೇರಿ ಕೆಲಸ, ಬರವಣಿಗೆ, ಸಿನಿಮಾ ನೋಡುವುದು ಇಷ್ಟೇ ನಿಮ್ಮ ಬಳಕೆಯಾದರೆ ಈ ದರ್ಜೆಯ ಯಾವ ಪ್ರೊಸೆಸರ್ ಕೊಂಡರೂ ಒಂದೇ. ಯಾವುದರ ಮುಂದೆ ಕೂತಿದ್ದೇನೆ ಎಂಬುದು ನನಗೇ ಮರೆತುಹೋಗುತ್ತಿತ್ತು. ವ್ಯತ್ಯಾಸ ಕಾಣುವುದು ಗಂಟೆಗಟ್ಟಲೆ ಎಡೆಬಿಡದೆ ದುಡಿಸಿದಾಗ, ಕ್ಯಾಮೆರಾದ ವಿಡಿಯೊ ತಂದು ಹಾಕಿದಾಗ, ಮತ್ತೆ ಮೂರು ನಾಲ್ಕು ವರ್ಷ ಕಳೆದ ಮೇಲೆ ಅದೇ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಲು ಹೊರಟಾಗ. ಈ ಕೊನೆಯದನ್ನು ಕೊಳ್ಳುವ ಹೊತ್ತಿನಲ್ಲಿ ಯೋಚಿಸುವವರು ಕಡಿಮೆ. ನನ್ನ ಲೆಕ್ಕದಲ್ಲಿ ಅದಕ್ಕೇ ಹೆಚ್ಚು ತೂಕ.

ಎರಡರ ಕಟ್ಟೋಣವೇ ಬೇರೆ. 13600ಕೆಯಲ್ಲಿ ಕೋರ್, ಅಂದರೆ ಲೆಕ್ಕ ಮಾಡುವ ಘಟಕ, ಎರಡು ಬಗೆ: ವೇಗದ ಪಿ-ಕೋರ್ ಆರು, ಕಡಿಮೆ ಕರೆಂಟಿನಲ್ಲಿ ದುಡಿಯುವ ಪುಟ್ಟ ಇ-ಕೋರ್ ಎಂಟು. ಪಿ-ಕೋರ್ ಒಂದೊಂದೂ ಎರಡು ಥ್ರೆಡ್, ಅಂದರೆ ಏಕಕಾಲಕ್ಕೆ ಕೆಲಸದ ಎರಡು ಎಳೆ, ಓಡಿಸುತ್ತದೆ, ಇ-ಕೋರ್ ಒಂದು. ಒಟ್ಟು 20 ಥ್ರೆಡ್. 7700ರಲ್ಲಿ ಎಂಟೂ ಒಂದೇ ಬಗೆಯ ಕೋರ್, 16 ಥ್ರೆಡ್. ಇಂಟೆಲ್ ಈ ಮಿಶ್ರ ಪದ್ಧತಿಯನ್ನು ಡೆಸ್ಕ್‌ಟಾಪಿಗೆ ತಂದದ್ದು 2021ರ ಕೊನೆಯಲ್ಲಿ, 12ನೇ ತಲೆಮಾರಿನ ಜೊತೆಗೆ. ಎಎಂಡಿ ಹಿಡಿದ ದಾರಿ ಬೇರೆ. 2019ರ ರೈಜನ್ 3000 ಸರಣಿಯಿಂದ ಅದು ಲೆಕ್ಕ ಮಾಡುವ ಚಿಪ್ಪನ್ನೇ ಬೇರೆ, ಮೆಮೊರಿ ಮತ್ತು ಹೊರಗಿನ ಸಂಪರ್ಕ ನೋಡಿಕೊಳ್ಳುವ ಚಿಪ್ಪನ್ನೇ ಬೇರೆ ಮಾಡಿ ಒಂದೇ ಪ್ಯಾಕೇಜಿನಲ್ಲಿ ಕೂರಿಸುತ್ತಿದೆ.

ನನ್ನ ಭಾರದ ಕೆಲಸ ಎರಡು. ದೊಡ್ಡ ಸಾಫ್ಟ್‌ವೇರ್ ಕೋಡನ್ನು ಕಂಪೈಲ್ ಮಾಡುವುದು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರುವುದು ಒಂದು. ಸ್ಕ್ಯಾನ್ ಮಾಡಿದ ಸಾವಿರಾರು ಪುಟಗಳನ್ನು ಓಸಿಆರ್ ಮೂಲಕ ಪಠ್ಯವಾಗಿಸುವುದು ಇನ್ನೊಂದು. ಇವೆರಡರಲ್ಲೂ ಎಲ್ಲ ಕೋರ್‌ಗಳೂ ತುಂಬಿ ಓಡುತ್ತವೆ. ವಾಟ್ ಮಿತಿಗಳನ್ನು ಬದಲಿಸದೆ, ಕಂಪನಿ ಕೊಟ್ಟಂತೆಯೇ ಓಡಿಸಿದಾಗ ಇಂಟೆಲ್ ಸ್ಪಷ್ಟವಾಗಿ ಮುಂದಿತ್ತು. ಆ ಎಂಟು ಪುಟ್ಟ ಕೋರ್‌ಗಳು ನಿಜವಾಗಿಯೂ ಕೆಲಸ ಎಳೆಯುತ್ತವೆ. ಅವು ತೋರಿಕೆಗೆ ಸೇರಿಸಿದವು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಆ ಮುನ್ನಡೆಗೆ ಕರೆಂಟು ಎಷ್ಟು ಎಂದೂ ನೋಡಬೇಕು. 13600ಕೆಯ ಪೆಟ್ಟಿಗೆಯ ಮೇಲಿನ ಅಂಕಿ 125 ವಾಟ್, ಟರ್ಬೊದಲ್ಲಿ, ಅಂದರೆ ಪೂರ್ತಿ ವೇಗಕ್ಕೆ ಏರಿದಾಗ, 181 ವಾಟ್ ತನಕ ಹೋಗುತ್ತದೆ. 7700ರ ಅಂಕಿ 65 ವಾಟ್, ನಿಜವಾದ ಮಿತಿ 88 ವಾಟ್. ಅಂದರೆ ಇಬ್ಬರೂ ದೊಡ್ಡ ಅಕ್ಷರದಲ್ಲಿ ಹೇಳುವ ಅಂಕಿ ಬೇರೆ, ಒಳಗೆ ನಡೆಯುವುದು ಬೇರೆ. ಇದನ್ನು ನೋಡಿದ ಮೇಲೆ ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ಗೆ ಹೋಗಿ ಇಂಟೆಲ್‌ಗೂ 88 ವಾಟಿನ ಮಿತಿ ಹಾಕಿದೆ. ಅದೇ ಪುಟಗಳ ರಾಶಿಯನ್ನು ಮತ್ತೆ ಓಡಿಸಿದಾಗ ಮುನ್ನಡೆ ಬಹುತೇಕ ಕರಗಿಹೋಯಿತು, ಎರಡೂ ಹೆಚ್ಚು ಕಡಿಮೆ ಜೊತೆಜೊತೆಗೇ ಮುಗಿಸಿದವು. ಇಡೀ ಹೋಲಿಕೆಯಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಪ್ರಯೋಗ ಇದು. ಸಮಾನ ಕರೆಂಟಿನಲ್ಲಿ ಇವೆರಡೂ ಸಮಾನರೇ. ಮಿತಿ ತೆಗೆದರೆ ಇಂಟೆಲ್ ಇನ್ನಷ್ಟು ನುಂಗಿ ಇನ್ನಷ್ಟು ಓಡುತ್ತದೆ, ಕೊನೆಯ ಒಂದಿಷ್ಟು ವೇಗಕ್ಕೆ ಸುಮಾರು ದುಪ್ಪಟ್ಟು ವಾಟ್ ತೆತ್ತು.

ಆ ವಾಟ್ ಶಾಖವಾಗಿ ಹೊರಬರಲೇಬೇಕು. 7700ರ ಪೆಟ್ಟಿಗೆಯಲ್ಲಿ ರೇತ್ ಪ್ರಿಸಂ ಎಂಬ ಕೂಲರ್ ಬರುತ್ತದೆ, 88 ವಾಟಿಗೆ ಅದು ಸಾಕಾಗುತ್ತದೆ. 13600ಕೆ ಜೊತೆ ಕೂಲರ್ ಬರುವುದೇ ಇಲ್ಲ. ಎರಡು ಫ್ಯಾನಿನ ದೊಡ್ಡ ಟವರ್ ಕೂಲರ್ ಹಾಕಿದ ಮೇಲೂ ಪೂರ್ತಿ ಓಟದಲ್ಲಿ ಫ್ಯಾನ್ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಆದ್ದರಿಂದ ಪ್ರೊಸೆಸರ್ ಬೆಲೆಯನ್ನಷ್ಟೇ ಹೋಲಿಸಬೇಡಿ. ಪ್ರೊಸೆಸರ್, ಬೋರ್ಡ್, ಕೂಲರ್, ರ‍್ಯಾಮ್ ನಾಲ್ಕನ್ನೂ ಕೂಡಿಸಿ ಒಟ್ಟು ಮೊತ್ತ ಹೋಲಿಸಿ; ಎಷ್ಟೋ ಸಲ ಅಗ್ಗವೆಂದು ಕಂಡದ್ದು ಅಲ್ಲಿ ತಿರುಗಿಬೀಳುತ್ತದೆ.

ಹಾಗೆಂದು ಕರೆಂಟಿನ ವಿಷಯದಲ್ಲಿ ಎಎಂಡಿಯೇ ಯಾವಾಗಲೂ ಮಿತವ್ಯಯಿ ಎಂದುಕೊಳ್ಳಬೇಡಿ. ಪ್ಲಗ್ಗಿಗೆ ಮೀಟರ್ ಹಾಕಿ ಸುಮ್ಮನೆ ಡೆಸ್ಕ್‌ಟಾಪ್ ತೆರೆದಿಟ್ಟಾಗ ಕಡಿಮೆ ಎಳೆದದ್ದು ಇಂಟೆಲ್. ಎಎಂಡಿಯ ಬೇರೆ ಬೇರೆ ಚಿಪ್‌ಗಳು ಸುಮ್ಮನಿರುವಾಗಲೂ ತಮ್ಮೊಳಗಿನ ಸಂಪರ್ಕವನ್ನು ಜೀವಂತ ಇಟ್ಟುಕೊಳ್ಳಬೇಕು, ಅದಕ್ಕೆ ಒಂದಿಷ್ಟು ವಾಟ್ ಖರ್ಚು. ಹತ್ತು ಹನ್ನೆರಡು ಗಂಟೆ ಕಂಪ್ಯೂಟರ್ ಆನ್ ಇಟ್ಟು ಅದರಲ್ಲಿ ಒಂದು ಗಂಟೆ ಮಾತ್ರ ಭಾರದ ಕೆಲಸ ಮಾಡುವವರಿಗೆ ದಿನದ ಕೊನೆಗೆ ಲೆಕ್ಕ ಸರಿಸಮವಾಗಬಹುದು.

ಇ-ಕೋರ್‌ಗಳ ಬಗ್ಗೆ ಇನ್ನೊಂದು ವಿಷಯ. ಯಾವ ಕೆಲಸ ಯಾವ ಕೋರಿಗೆ ಎಂದು ನಿರ್ಧರಿಸುವುದು ಆಪರೇಟಿಂಗ್ ಸಿಸ್ಟಂ. ವಿಂಡೋಸ್‌ನಲ್ಲಿ ಭಾರದ ಕೆಲಸ ಓಡುತ್ತಿರುವ ಕಿಟಕಿಯನ್ನು ಮಿನಿಮೈಸ್ ಮಾಡಿದರೆ, ಅದನ್ನು ಮುಖ್ಯವಲ್ಲದ ಕೆಲಸವೆಂದು ಎಣಿಸಿ ಪುಟ್ಟ ಕೋರ್‌ಗಳಿಗೆ ತಳ್ಳುವುದುಂಟು. ಓಸಿಆರ್ ಕಿಟಕಿ ಕಣ್ಣೆದುರು ಇದ್ದಾಗ ಪುಟಗಳು ಸರಸರ ಉರುಳುತ್ತಿದ್ದವು. ಕಿಟಕಿ ಇಳಿಸಿ ಪತ್ರ ಬರೆಯಲು ಕೂತರೆ ಎಣಿಕೆ ತೆವಳುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಪಿ-ಕೋರ್‌ಗಳ ಚೌಕಗಳು ಖಾಲಿ, ಕೆಳಗಿನ ಎಂಟು ಚೌಕಗಳು ಮಾತ್ರ ತುಂಬಿ ನಿಂತಿದ್ದವು. ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿದ ಮೇಲೆ ಸರಿಹೋಯಿತು. ಎಲ್ಲ ಕೋರೂ ಒಂದೇ ಆಗಿರುವ 7700ರಲ್ಲಿ ಈ ತಲೆನೋವಿನ ಪ್ರಶ್ನೆಯೇ ಇಲ್ಲ.

ವಿಡಿಯೊದಲ್ಲಿ ಮಾತ್ರ ಇಂಟೆಲ್ ಎದ್ದು ಕಾಣುತ್ತದೆ. ಈಚಿನ ಅನೇಕ ಕ್ಯಾಮೆರಾಗಳು ಎಚ್‌ಇವಿಸಿ 10-ಬಿಟ್ 4:2:2 ಎಂಬ, ಬಣ್ಣದ ವಿವರ ಹೆಚ್ಚು ಉಳಿಸುವ ಸಂಕುಚಿತ ರೂಪದಲ್ಲಿ ಚಿತ್ರೀಕರಿಸುತ್ತವೆ. 13600ಕೆ ಒಳಗಿರುವ ಯುಎಚ್‌ಡಿ 770 ಗ್ರಾಫಿಕ್ಸ್‌ನ ವಿಡಿಯೊ ಕೆಲಸಕ್ಕೆಂದೇ ಇರುವ ಕ್ವಿಕ್ ಸಿಂಕ್ ಭಾಗ ಆ ರೂಪವನ್ನು ನೇರವಾಗಿ ಬಿಡಿಸಬಲ್ಲದು. 7700 ಸೇರಿರುವ ರೈಜನ್ 7000 ಸರಣಿಯ ಒಳಗಿನ ಗ್ರಾಫಿಕ್ಸ್‌ಗೆ ಅದು ಸಾಧ್ಯವಿಲ್ಲ, ಎಲ್ಲ ಭಾರ ಕೋರ್‌ಗಳ ಮೇಲೆ ಬೀಳುತ್ತದೆ. ಟೈಮ್‌ಲೈನಿನ ಮೇಲೆ ಮೌಸ್ ಎಳೆದಾಗಲೇ ಇದು ಗೊತ್ತಾಗುತ್ತದೆ: ಇಂಟೆಲ್‌ನಲ್ಲಿ ಚಿತ್ರ ಬೆರಳಿನ ಜೊತೆಗೇ ಬರುತ್ತದೆ, ಎಎಂಡಿಯಲ್ಲಿ ಬೆರಳು ನಿಂತ ಮೇಲೆ ಬರುತ್ತದೆ. ನನ್ನ ತಂಗಿ ದಿನವಿಡೀ ಎಡಿಟಿಂಗ್ ಮಾಡುವವಳು. ಎರಡೂ ಯಂತ್ರದ ಮುಂದೆ ಅವಳನ್ನು ಕೂರಿಸಿದಾಗ ಅಂಕಿಅಂಶ ಏನನ್ನೂ ಕೇಳದೆ ಇಂಟೆಲ್ಲೇ ಬೇಕೆಂದಳು. 2025ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳು 4:2:2 ಬಿಡಿಸುತ್ತವೆ. ಅಂಥ ಕಾರ್ಡ್ ಇರುವವರಿಗೆ ಈ ಕಾರಣ ಅಷ್ಟು ದೊಡ್ಡದಲ್ಲ. ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರ ನೋಡಿ: 13600ಕೆಎಫ್ ಎಂದಿದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಅದರ ಜೊತೆಗೆ ಕ್ವಿಕ್ ಸಿಂಕೂ ಹೋಯಿತು.

ಆಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಎರಡರ ನಡುವೆ ನನಗೆ ವ್ಯತ್ಯಾಸ ಕಾಣಲಿಲ್ಲ, ಮಧ್ಯಮ ದರ್ಜೆಯ ಕಾರ್ಡಿನಲ್ಲಿ ಪ್ರೊಸೆಸರಿಗಿಂತ ಮೊದಲು ಕಾರ್ಡೇ ಸುಸ್ತಾಗುತ್ತದೆ. ಆಟವೇ ಮುಖ್ಯ, ಕಾರ್ಡೂ ದೊಡ್ಡದು ಎನ್ನುವವರು ಈ ಎರಡನ್ನೂ ಬಿಟ್ಟು ಎಎಂಡಿಯ ಎಕ್ಸ್3ಡಿ ಸಾಲಿಗೆ ಹೋಗಬೇಕು. 2022ರ 5800ಎಕ್ಸ್3ಡಿಯಿಂದ ಶುರುವಾದ ಈ ಸಾಲಿನಲ್ಲಿ, ಪ್ರೊಸೆಸರಿನ ಒಳಗೇ ಇರುವ ವೇಗದ ಕ್ಯಾಷ್ ಮೆಮೊರಿಯನ್ನು ಇನ್ನೊಂದು ಪದರವಾಗಿ ಪೇರಿಸುತ್ತಾರೆ. 7700ರಲ್ಲಿ 32 ಎಂಬಿ ಇರುವ ಎಲ್3 ಕ್ಯಾಷ್ 7800ಎಕ್ಸ್3ಡಿಯಲ್ಲಿ 96 ಎಂಬಿ. ಆಟಕ್ಕೆ ಮತ್ತೆ ಮತ್ತೆ ಬೇಕಾಗುವ ದತ್ತಾಂಶ ಅಲ್ಲೇ ಕೈಗೆ ಸಿಗುವುದರಿಂದ ರ‍್ಯಾಮ್ ತನಕ ಓಡುವುದು ತಪ್ಪುತ್ತದೆ. 2024ರ 9800ಎಕ್ಸ್3ಡಿಯಲ್ಲಿ ಆ ಪದರವನ್ನು ಕೋರ್‌ಗಳ ಕೆಳಗೆ ಇಟ್ಟರು, ಹಾಗಾಗಿ ಶಾಖ ಕೂಲರಿಗೆ ಸುಲಭವಾಗಿ ತಲುಪುತ್ತದೆ.

ಇನ್ನು ಸಾಕೆಟ್, ಅಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ನೀವು ಕೊಳ್ಳುವ ಮದರ್‌ಬೋರ್ಡ್ ಮುಂದೆ ಎಷ್ಟು ತಲೆಮಾರಿನ ಪ್ರೊಸೆಸರ್‌ಗಳನ್ನು ಹೊರುತ್ತದೆ ಎಂಬುದೇ ನನ್ನ ಮಟ್ಟಿಗೆ ಇಡೀ ಆಯ್ಕೆಯ ತಿರುಳು. ಎಎಂಡಿ 2017ರಲ್ಲಿ ಮೊದಲ ರೈಜನ್‌ಗಳನ್ನು ಎಎಂ4 ಸಾಕೆಟ್ಟಿನಲ್ಲಿ ತಂದಿತು. ಆ ಕಾಲದ ಎಷ್ಟೋ ಬೋರ್ಡ್‌ಗಳು ಬಯೋಸ್ ಅಪ್‌ಡೇಟ್ ಆದ ಮೇಲೆ 2022ರ 5800ಎಕ್ಸ್3ಡಿಯನ್ನೂ ಓಡಿಸಿದವು. ಬೋರ್ಡ್, ರ‍್ಯಾಮ್ ಯಾವುದನ್ನೂ ಬದಲಿಸದೆ ಐದು ವರ್ಷದ ಜಿಗಿತ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್, 13600ಕೆ ಕೂರುವುದು ಇದರಲ್ಲೇ, 12, 13, 14ನೇ ತಲೆಮಾರುಗಳನ್ನು ಕಂಡು ಮುಗಿಯಿತು. ಅದರಲ್ಲೂ 14ನೆಯದು 13ರದ್ದೇ ಸ್ವಲ್ಪ ಚುರುಕಾದ ರೂಪ. 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ1851 ಎಂಬ ಬೇರೆಯೇ ಸಾಕೆಟ್, ಬೇರೆಯೇ ಬೋರ್ಡ್. 7700 ಕೂರುವ ಎಎಂಡಿಯ ಎಎಂ5 ಸಾಕೆಟ್ ಶುರುವಾದದ್ದು 2022ರಲ್ಲಿ, ರೈಜನ್ 7000 ಜೊತೆ. ಈಗಾಗಲೇ 8000 ಮತ್ತು 9000 ಸರಣಿಗಳು ಅದರಲ್ಲಿ ಕೂರುತ್ತವೆ, 2027ರವರೆಗಾದರೂ ಬೆಂಬಲ ಇರುತ್ತದೆಂದು ಕಂಪನಿ ಹೇಳಿದೆ. ಪದೇ ಪದೇ ಕಂಪ್ಯೂಟರ್ ಬದಲಿಸದೆ, ಇದ್ದುದನ್ನೇ ನಡುವೆ ಒಮ್ಮೆ ಚುರುಕುಗೊಳಿಸಿ ಇನ್ನಷ್ಟು ವರ್ಷ ಎಳೆಯುವ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಇಂಟೆಲ್‌ನ ಎಲ್‌ಜಿಎ1700 ಪರವಾಗಿಯೂ ಒಂದು ಗಟ್ಟಿ ಮಾತಿದೆ. ಡಿಡಿಆರ್4 ರ‍್ಯಾಮ್‌ಗೆಂದೇ ಮಾಡಿದ ಬೋರ್ಡ್‌ಗಳು ಅದರಲ್ಲಿ ಸಿಗುತ್ತವೆ. ಎಎಂ5ನಲ್ಲಿ ಅದರ ಮುಂದಿನ ತಲೆಮಾರಾದ ಡಿಡಿಆರ್5 ಕಡ್ಡಾಯ. ಹಳೆಯ ಕಂಪ್ಯೂಟರಿನ ಒಳ್ಳೆಯ ಡಿಡಿಆರ್4 ರ‍್ಯಾಮ್ ಕೈಯಲ್ಲಿದ್ದರೆ ಆ ಉಳಿತಾಯ ಸಣ್ಣದಲ್ಲ.

ಎಎಂ5 ಜೋಡಿಸುವವರಿಗೆ ಒಂದು ಎಚ್ಚರಿಕೆ ಕೊಡಲೇಬೇಕು. ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತವೆ, ಪರದೆ ಕಪ್ಪಾಗಿಯೇ ಇರುತ್ತದೆ, ಬೋರ್ಡಿನ ಮೂಲೆಯಲ್ಲಿ ಡಿ-ರ‍್ಯಾಮ್ ಎಂದು ಬರೆದ ಪುಟ್ಟ ದೀಪ ಉರಿಯುತ್ತಲೇ ನಿಲ್ಲುತ್ತದೆ. ಏನೋ ಕೆಟ್ಟಿದೆ ಎಂದೇ ಅನಿಸುತ್ತದೆ. ಕೆಟ್ಟಿರುವುದಿಲ್ಲ. ಪ್ರೊಸೆಸರ್ ಆ ರ‍್ಯಾಮ್‌ಗೆ ಹೊಂದುವ ಸಮಯಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿರುತ್ತದೆ, ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ, ಕೆಲವು ನಿಮಿಷವೇ ಹಿಡಿಯಬಹುದು. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಿ ಆರಿಸಬೇಡಿ, ಕಾಯಿರಿ. ಇಂಟೆಲ್ ಬೋರ್ಡಿನಲ್ಲೂ ಟ್ರೇನಿಂಗ್ ಇದೆ, ನನಗೆ ಸಿಕ್ಕಿದ್ದರಲ್ಲಿ ಬೇಗ ಮುಗಿಯಿತು. ಎರಡೂ ಕಂಪನಿಯ ಬೋರ್ಡ್‌ಗಳಲ್ಲಿ ನಾಲ್ಕು ಕಡ್ಡಿ ಡಿಡಿಆರ್5 ರ‍್ಯಾಮ್ ತುಂಬಿದರೆ ಮೆಮೊರಿಯ ವೇಗ ಇಳಿಯುತ್ತದೆ, ಆದ್ದರಿಂದ ಬೇಕಾದಷ್ಟನ್ನು ಎರಡು ಕಡ್ಡಿಗಳಲ್ಲೇ ಕೊಳ್ಳುವುದು ಲೇಸು.

ನಂಬಿಕೆಯ ವಿಷಯದಲ್ಲಿ ಇಬ್ಬರ ಹೆಸರಿಗೂ ಮಸಿ ತಾಗಿದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹರಿದು ಚಿಪ್ ಕ್ರಮೇಣ ಸವೆಯುವ ದೋಷ 2024ರಲ್ಲಿ ದೊಡ್ಡ ಸುದ್ದಿಯಾಯಿತು. ಕಂಪನಿ ಅದನ್ನು ಒಪ್ಪಿಕೊಂಡು ಬಯೋಸ್ ಮೂಲಕ ಬರುವ ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ಆದೇಶಗಳು) ತಿದ್ದುಪಡಿ ಹೊರಡಿಸಿತು, ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಿತು. ಅದರ ಹಿಂದಿನ ವರ್ಷ ಎಎಂಡಿಯ ಕೆಲವು ಎಕ್ಸ್3ಡಿ ಪ್ರೊಸೆಸರ್‌ಗಳು ಎಎಂ5 ಬೋರ್ಡ್‌ಗಳಲ್ಲಿ ಸುಟ್ಟುಹೋದಾಗ, ಪ್ರೊಸೆಸರಿನ ಮೆಮೊರಿ ನೋಡಿಕೊಳ್ಳುವ ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜನ್ನು 1.3 ವೋಲ್ಟಿಗೆ ಕಟ್ಟಿಹಾಕುವ ಬಯೋಸ್ ಬಂತು. ಹೊಸ ಕೋರ್ ಅಲ್ಟ್ರಾದಲ್ಲಿ ಇಂಟೆಲ್‌ನ ಆ ಹಳೆಯ ದೋಷ ಇಲ್ಲ. ಕರೆಂಟೂ ಕಡಿಮೆ, ಒಂದು ಕೋರಿನಲ್ಲಿ ಎರಡು ಥ್ರೆಡ್ ಓಡಿಸುವ ಹೈಪರ್‌ಥ್ರೆಡಿಂಗ್ ತೆಗೆದಿದ್ದಾರೆ, ಭಾರದ ಕೆಲಸದಲ್ಲಿ ಚೆನ್ನಾಗಿದೆ. ಆಟಗಳಲ್ಲಿ ಮಾತ್ರ ಕೆಲವೊಮ್ಮೆ ತನ್ನದೇ 14ನೇ ತಲೆಮಾರಿಗಿಂತ ಹಿಂದೆ ಬೀಳುತ್ತದೆ.

ಹೆಸರಿನ ಅಂಕಿಗಳನ್ನು ನಂಬಿ ಕೊಳ್ಳಬೇಡಿ. ರೈಜನ್ 7 8700ಜಿ ನೋಡಲು 7700ಕ್ಕಿಂತ ದೊಡ್ಡ ಅಂಕಿ, ಆದರೆ ಎಲ್3 ಕ್ಯಾಷ್ ಅದರ ಅರ್ಧ, 16 ಎಂಬಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಸಣ್ಣಪುಟ್ಟ ಆಟ ಆಡುವವರಿಗೆ ಅದರ ಒಳಗಿನ ಗ್ರಾಫಿಕ್ಸ್ ಬಹಳ ಚೆನ್ನಾಗಿದೆ. ಕಾರ್ಡ್ ಹಾಕುವವರಿಗೆ 7700ರೇ ಮೇಲು.

ಕೊನೆಗೆ 7700 ನನ್ನ ಬಳಿ ಉಳಿಯಿತು, 13600ಕೆ ತಂಗಿಯ ಮೇಜಿಗೆ ಹೋಯಿತು. ಅದನ್ನು ಕೊಡುವ ಮೊದಲು ಹೊಸ ಬಯೋಸ್ ಹಾಕಿ, ಮಿತಿಯನ್ನು 125 ವಾಟಿಗೆ ನಿಲ್ಲಿಸಿದೆ. ಎಡಿಟಿಂಗಿನಲ್ಲಿ ಅವಳಿಗೆ ಏನೂ ಕೊರತೆ ಕಂಡಿಲ್ಲ, ಫ್ಯಾನ್ ಸದ್ದೂ ಅಡಗಿದೆ. 13 ಅಥವಾ 14ನೇ ತಲೆಮಾರಿನ ಇಂಟೆಲ್ ಕೊಳ್ಳುವವರು ಮೊದಲ ದಿನವೇ ಬಯೋಸ್ ಅಪ್‌ಡೇಟ್ ಮುಗಿಸಿಬಿಡಿ. ಹಳೆಯ ಸ್ಟಾಕಿನ ಎಎಂ5 ಬೋರ್ಡಿಗೆ ರೈಜನ್ 9000 ಹಾಕುವವರು ಬೋರ್ಡಿನ ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಷ್‌ಬ್ಯಾಕ್ ಬಟನ್ ಇದೆಯೇ ಎಂದು ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ. ಅದಿದ್ದರೆ ಹಳೆಯ ಪ್ರೊಸೆಸರ್ ಯಾರಿಂದಲೂ ಎರವಲು ತರದೆ, ಪೆನ್‌ಡ್ರೈವ್ ಒಂದರಿಂದಲೇ ಹೊಸ ಬಯೋಸ್ ಹಾಕಿ ಮುಂದುವರಿಯಬಹುದು.