13ನೇ ಲೆವೆಲ್ ದಾಟಿದ ಮೇಲೆ ಯಾವ ಆಟ ತಾಳಿಕೊಳ್ಳುತ್ತದೆ? ಮೂರನ್ನು ಆಡಿಸಿ ನೋಡಿದ ಮೇಲೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಾಲ್ಕನೇ ಮತ್ತು ಐದನೇ ಆವೃತ್ತಿ, ಪಾತ್‌ಫೈಂಡರ್‌ನ ಎರಡನೇ ಆವೃತ್ತಿ. ಮೂರೂ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದು ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಆಟಗಳು; ಲೆವೆಲ್ ಏರಿದಂತೆ ಪಾತ್ರದ ಬಲ ಏರುತ್ತದೆ. ಮೂರನ್ನೂ ದೊಡ್ಡ ಲೆವೆಲ್‌ಗಳವರೆಗೆ ಆಡಿಸಿದ್ದೇನೆ, ಹೆಚ್ಚಾಗಿ ಡಿಎಂ (ಕಥೆ ನಡೆಸಿ ರಾಕ್ಷಸರನ್ನು ಆಡಿಸುವವನು) ಆಗಿ. ಐದನೇ ಲೆವೆಲ್‌ನಲ್ಲಿ ಮೂರೂ ಚೆನ್ನಾಗಿವೆ. ಬಣ್ಣ ಬಯಲಾಗುವುದು 13ರ ಆಚೆ.

ಜನ ಜಾಸ್ತಿ ಆಡುವ ಐದನೇ ಆವೃತ್ತಿಯನ್ನೇ ಮೊದಲು ನೋಡೋಣ. 17ನೇ ಲೆವೆಲ್‌ನ ವಿಝಾರ್ಡ್ (ಮಂತ್ರವಾದಿ) ಮೀಟಿಯರ್ ಸ್ವಾರ್ಮ್ ಅನ್ನುವ ಸ್ಪೆಲ್ (ಮಂತ್ರ) ಹಾಕಿ 40 ದಾಳ ಉರುಳಿಸಿದಾಗ ಟೇಬಲ್ ಸುತ್ತ ಎಲ್ಲರೂ ಹೌಹಾರುತ್ತಾರೆ. ಆದರೆ ತೊಂದರೆ ಅಲ್ಲಿಲ್ಲ. ಏನ್ಶಿಯಂಟ್ ರೆಡ್ ಡ್ರ್ಯಾಗನ್‌ಗೆ ಬೆಂಕಿ ತಾಗುವುದೇ ಇಲ್ಲ, ಅರ್ಧ ದಾಳ ಅಲ್ಲೇ ದಂಡ. ಉಳಿದದ್ದು ಸರಾಸರಿ 70. 2014ರ ಪುಸ್ತಕದಲ್ಲಿ ಅದರ ಹಿಟ್ ಪಾಯಿಂಟ್ (ಬೀಳುವ ಮೊದಲು ತಾಳುವ ಪೆಟ್ಟಿನ ಲೆಕ್ಕ) 546! ಆಟ ಕೆಡಿಸುವುದು ಹಿಟ್ ಪಾಯಿಂಟ್ ಮುಟ್ಟದೆಯೇ ಕಾಳಗ ಮುಗಿಸುವ ಸ್ಪೆಲ್‌ಗಳು. 2014ರ ಪುಸ್ತಕದ ಫೋರ್ಸ್‌ಕೇಜ್ ನೋಡಿ. ಸೇವ್ (20 ಮುಖದ ದಾಳ ಉರುಳಿಸಿ ತಪ್ಪಿಸಿಕೊಳ್ಳುವ ಅವಕಾಶ) ಇಲ್ಲ, ಕಾನ್ಸಂಟ್ರೇಶನ್ (ಸ್ಪೆಲ್ ಉಳಿಯಲು ಅದರ ಮೇಲೇ ಇಡಬೇಕಾದ ಗಮನ) ಬೇಡ, ಒಂದು ಗಂಟೆ ಸೆರೆ. ಟೆಲಿಪೋರ್ಟ್ ಬಾರದ ದೈತ್ಯನಿಗೆ ಅಲ್ಲಿಗೆ ಕಥೆ ಮುಗಿಯಿತು. (2024ರ ಪುಸ್ತಕದಲ್ಲಿ ಕಾನ್ಸಂಟ್ರೇಶನ್ ಸೇರಿಸಿದ್ದಾರೆ, ಒಳ್ಳೆಯದಾಯಿತು.)

ಇಂಥ ಸ್ಪೆಲ್‌ಗಳಲ್ಲಿ ಸೇವ್ ಇರುವವಕ್ಕೆ ತಡೆ ಅಂತ ಬಾಸ್‌ಗಳಿಗೆ ಕೊಟ್ಟಿರುವುದು ಲೆಜೆಂಡರಿ ರೆಸಿಸ್ಟೆನ್ಸ್. ದಿನಕ್ಕೆ ಮೂರು ಸಲ, ಸೋತ ಸೇವ್ ಗೆದ್ದ ಹಾಗೆ. ಇದರಿಂದ ಏನಾಗುತ್ತದೆ ಗೊತ್ತಾ? ವಿಝಾರ್ಡ್ ಆ ಮೂರನ್ನು ಖಾಲಿ ಮಾಡಿಸುತ್ತಾ ಕೂರುತ್ತಾನೆ, ಫೈಟರ್ (ಆಯುಧ ಹಿಡಿದ ಯೋಧ) ಹಿಟ್ ಪಾಯಿಂಟ್ ಕಡಿಯುತ್ತಾ ಕೂರುತ್ತಾನೆ. ಒಂದೇ ಟೇಬಲ್‌ನಲ್ಲಿ ಎರಡು ಬೇರೆ ಬೇರೆ ಆಟ. ಒಬ್ಬ ಗೆದ್ದರೆ ಇನ್ನೊಬ್ಬ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ.

ಫೈಟರ್ ಪಾಡು ಇನ್ನೂ ಕಷ್ಟ. ಅದೇ ಡ್ರ್ಯಾಗನ್ ಹುಟ್ಟಿಸುವ ಭಯಕ್ಕೆ ಡಿಸಿ (ಸೇವ್ ಗೆಲ್ಲಲು ಬೇಕಾದ ಮೊತ್ತ) 21. ವಿಸ್‌ಡಮ್ ಸೇವ್‌ಗೆ ಏನೂ ಕೂಡದವನಿಗೆ ದಾಳ 20 ಬಿದ್ದರೂ ಸೋಲೇ. ನಮ್ಮ ಫೈಟರ್‌ಗೆ ಆಗಿದ್ದೂ ಅದೇ. ಒಂದು ಟರ್ನ್‌ಗೆ ಮೂರು ಏಟು ಹೊಡೆಯಬಲ್ಲ ಗಟ್ಟಿಗ, ಹತ್ತಿರ ಹೋಗಲಾರದೆ ದೂರದಲ್ಲಿ ನಿಂತು ಬಿಲ್ಲು ಹುಡುಕುತ್ತಿದ್ದ. ಪಕ್ಕದಲ್ಲಿ ಪಾಲಡಿನ್ (ಹತ್ತಿರದವರ ಭಯ ನೀಗುವ ಧರ್ಮಯೋಧ) ಇದ್ದಿದ್ದರೆ ಕಥೆ ಬೇರೆ. ಸಾಲದ್ದಕ್ಕೆ, 2014ರ ಪುಸ್ತಕ ದಿನಕ್ಕೆ ಆರರಿಂದ ಎಂಟು ಕಾಳಗ ಲೆಕ್ಕ ಹಾಕುತ್ತದೆ. ದೊಡ್ಡ ಲೆವೆಲ್‌ನಲ್ಲಿ ಒಂದು ಸಂಜೆಗೆ ಒಂದು ಮುಗಿದರೆ ಪುಣ್ಯ. ಹಾಗಾಗಿ ವಿಝಾರ್ಡ್‌ಗೆ ದಿನಕ್ಕೆ ಇಷ್ಟೇ ಅಂತ ಸಿಗುವ ಸ್ಪೆಲ್ ಉಳಿಸುವ ಯೋಚನೆಯೇ ಬರುವುದಿಲ್ಲ.

2019ರಲ್ಲಿ ಬಂದ ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಈ ಗೋಳು ಕಡಿಮೆ. ಅಲ್ಲಿ ಪ್ರತಿ ಸೇವ್‌ಗೂ ನಿಮ್ಮ ಲೆವೆಲ್ ಕೂಡುತ್ತದೆ, ಹಾಗಾಗಿ 20 ಬಿದ್ದರೂ ಸೋಲು ಅನ್ನುವ ಪರಿಸ್ಥಿತಿ ಬರುವುದಿಲ್ಲ. ಡಿಎಂಗೆ ಇನ್ನೂ ದೊಡ್ಡ ಸಮಾಧಾನ ಕಾಳಗದ ಲೆಕ್ಕ. ನಾಲ್ಕು ಜನರ ಪಾರ್ಟಿಗೆ ಎದುರಾಳಿಗಳ ಒಟ್ಟು ಅಂಕ 80 ಎಕ್ಸ್‌ಪಿ ಅಂದರೆ ಸಾಧಾರಣ, 120 ಕಠಿಣ, 160 ಜೀವಕ್ಕೇ ಕುತ್ತು. 18ನೇ ಲೆವೆಲ್‌ನಲ್ಲೂ ಈ ಲೆಕ್ಕ ಹೆಚ್ಚುಕಡಿಮೆ ಸರಿ ಬರುತ್ತದೆ. ಐದನೇ ಆವೃತ್ತಿಯ ಚಾಲೆಂಜ್ ರೇಟಿಂಗ್ (ರಾಕ್ಷಸ ಎಷ್ಟು ಕಷ್ಟ ಅನ್ನುವ ಅಂಕ) ನಂಬಿ ಕೈ ಸುಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು.

ಆದರೆ ಈ ಸಮತೋಲವನ್ನು ವಿಝಾರ್ಡ್ ಜೇಬಿನಿಂದ ಕಿತ್ತು ಕೊಟ್ಟಿದ್ದಾರೆ. ಎದುರಾಳಿಯನ್ನು ಕಾಳಗದಿಂದಲೇ ಹೊರಗಿಡುವಂಥ ಸ್ಪೆಲ್‌ಗಳಿಗೆ ಇನ್‌ಕೆಪಾಸಿಟೇಶನ್ ಅನ್ನುವ ನಿಯಮ ಇದೆ. ಎದುರಾಳಿಯ ಲೆವೆಲ್ ಸ್ಪೆಲ್ ರ‍್ಯಾಂಕ್‌ನ ಎರಡರಷ್ಟಕ್ಕಿಂತ ಜಾಸ್ತಿ ಇದ್ದರೆ ಅವನ ಸೇವ್ ಒಂದು ಮೆಟ್ಟಿಲು ಮೇಲೇರುತ್ತದೆ, ಅಂದರೆ ಸೋತದ್ದು ಗೆದ್ದ ಹಾಗೆ. ಬಾಸ್‌ಗಳೆಲ್ಲ ಸಾಮಾನ್ಯವಾಗಿ ಈ ಗೆರೆಯ ಆಚೆಯೇ ಇರುತ್ತಾರೆ. ಐದನೇ ಆವೃತ್ತಿಯಿಂದ ಬಂದ ನಮ್ಮ ಗೆಳೆಯನಿಗೆ ಇದು ಶುದ್ಧ ಮೋಸ ಅನ್ನಿಸಿತು. ಆಮೇಲೆ ಸ್ಲೋ ಸ್ಪೆಲ್ ಸಿಕ್ಕಿತು. ಅದಕ್ಕೆ ಈ ನಿಯಮ ತಾಗುವುದಿಲ್ಲ, ಬಾಸ್ ಸೇವ್ ಗೆದ್ದರೂ ಮೂರು ಆ್ಯಕ್ಷನ್‌ನಲ್ಲಿ ಒಂದು ಹೋಗುತ್ತದೆ. ಅದರ ಲಾಭ ಫೈಟರ್‌ಗೂ ಸಿಗುತ್ತದೆ. ನನಗೆ ಬೇಕಾಗಿದ್ದೂ ಇಂಥ ಕೂಡಾಟವೇ.

ನಾಲ್ಕನೇ ಆವೃತ್ತಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 30 ಲೆವೆಲ್, ಎಲ್ಲರಿಗೂ ಒಂದೇ ಅಚ್ಚಿನ ಪವರ್‌ಗಳು, ಬ್ಯಾಲೆನ್ಸ್ ಮೂರರಲ್ಲೂ ಇದರದ್ದೇ ಮೇಲು. ಆದರೆ 2008ರ ಪುಸ್ತಕದ ಆರ್ಕಸ್ ಅನ್ನುವ ರಾಕ್ಷಸರಾಜನಿಗೆ 1525 ಹಿಟ್ ಪಾಯಿಂಟ್. ಗೆಲ್ಲುವುದು ಖಚಿತವಾದ ಮೇಲೂ ಗಂಟೆಗಟ್ಟಲೆ ಕಡಿಯಬೇಕು. 2010ರಿಂದ ರಾಕ್ಷಸರ ಏಟಿಗೆ ಬಲ ತುಂಬಿದರು, ಸ್ವಲ್ಪ ಸುಧಾರಿಸಿತು. ಆದರೂ ಆಕಳಿಕೆ ಪೂರ್ತಿ ಹೋಗಲಿಲ್ಲ.

20ರವರೆಗೆ ಹೋಗುವ ಆಟವಾದರೆ ನನ್ನ ಓಟು ಪಾತ್‌ಫೈಂಡರ್‌ಗೆ. ಗೆಳೆಯರು ಐದನೇ ಆವೃತ್ತಿಯೇ ಬೇಕು ಅಂತ ಹಠ ಹಿಡಿದರೆ ಎರಡು ಷರತ್ತು ಹಾಕುತ್ತೇನೆ. ಬಾಸ್ ಯಾವತ್ತೂ ಒಬ್ಬನೇ ಬರಬಾರದು. ಲೆಜೆಂಡರಿ ರೆಸಿಸ್ಟೆನ್ಸ್ ಬಳಸಿದಾಗಲೆಲ್ಲ ಅವನಿಗೆ 40 ಹಿಟ್ ಪಾಯಿಂಟ್ ಕಡಿತ. ಹೀಗೆ ಮಾಡಿದರೆ ವಿಝಾರ್ಡ್ ಮತ್ತು ಫೈಟರ್ ಕೊನೆಗೂ ಒಬ್ಬನನ್ನೇ ಹೊಡೆಯುತ್ತಾರೆ.